ನಾಲ್ಕು ಊರಿನ ಡಬ್ಬಿ

ಬೆಳಿಗ್ಗೆ ನಳ ಬಂದಿತ್ತು, ಎರಡು ಬ್ಯಾರೆಲ್ಲು, ಒಂದು ಹಂಡೆ ತುಂಬಿಸಿದೆ. ಹದಿನಾಲ್ಕು ರೊಟ್ಟಿ ಬಡಿದೆ. ಮೊಳಕೆಗೆ ಕಟ್ಟಿಟ್ಟ ಮಡಕಿಕಾಳು ಬಿಚ್ಚಿ ಪಲ್ಯ ಮಾಡಿದೆ. ಲಿಂಬಿಕಾಯಿ ಉಪ್ಪಿನಕಾಯಿಯ ಭರಣಿಯನ್ನು ಮಾಳಿಗೆ ಮೇಲೆ ಬಿಸಿಲಿಗಿಟ್ಟು ಬಾಯಿಗೆ ಹೊಸ ಅರಿವೆ ಕಟ್ಟಿದೆ. ನಮ್ಮನೆಯವರ ಅಂಗಿಗೆ ಎರಡು ಗುಂಡಿ ಹಚ್ಚಿದೆ. ಮಧ್ಯಾಹ್ನ ಶೇಂಗಾ ಹುರಿದು ಸಿಪ್ಪೆ ಹಾರಿಸಿ, ಅರ್ಧ ಚಟ್ನಿಗೆ ಕುಟ್ಟಿದೆ, ಅರ್ಧ ನಾಳೆಗಿಟ್ಟೆ. ಸಂಜೆ ಹಾಲಿಗೆ ಹೆಪ್ಪು ಹಾಕುವ ಮೊದಲು ಒಂದು ಸ್ಟೀಲಿನ ಮಸಾಲೆ ಡಬ್ಬಿ ತೊಳೆದು, ಒರೆಸಿ, ನಾಲ್ಕು ಬಟ್ಟಲನ್ನೂ ಅವುಗಳ ಜಾಗದಲ್ಲಿ ಕೂರಿಸಿದೆ.

ಈ ಕಡೆಯ ಕೆಲಸಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಡಬ್ಬಿ ಪಕ್ಕದ ಮನೆಯ ಕಾಕಾನದು. ಕಾಕಾ ತೀರಿಕೊಂಡು ವರ್ಷದ ಮೇಲಾಯಿತು. ಅವರ ಹೆಂಡತಿ, ಕಾಕು, ಈಗ ಮುದ್ದೇಬಿಹಾಳದಲ್ಲಿ ಮಗಳ ಹತ್ತಿರ ಇರುತ್ತಾರೆ. ಮೊನ್ನೆ ಇಂಡಿಗೆ ಬಂದವರು ಮನೆಯನ್ನು ಬಾಡಿಗೆಗೆ ಕೊಟ್ಟು, ಪಾತ್ರೆ ಪಡಗ ಬೇಕಾದವರಿಗೆ ಹಂಚಿದರು. ನನಗೆ ಹಿಟ್ಟು ನಾದುವ ದೊಡ್ಡ ಪರಾತವನ್ನೇ ಕೊಡುತ್ತಾರೆಂದು ಓಣಿಯವರೆಲ್ಲ ಅಂದುಕೊಂಡಿದ್ದರು. ಕಾಕು ಈ ಡಬ್ಬಿ ತಂದು ನನ್ನ ಉಡಿಯಲ್ಲಿಟ್ಟು, ಇದರ ಕತಿ ನಿನಗ ಗೊತ್ತೈತಿ, ನೀನ ಇಟ್ಕೊ ಅಂದರು.

ನಮ್ಮ ಕಡೆ ಹೊಸ ಪಾತ್ರೆ ತಗೊಂಡರೆ ಅಂಗಡಿಯಲ್ಲೇ ಹೆಸರು ಕೊರೆಸುವ ರೂಢಿ. ಕೊಟ್ಟವರ ಹೆಸರು, ಇಸಿದುಕೊಂಡವರ ಹೆಸರು, ಜಾಗ ಉಳಿದರೆ ಮದುವೆಯ ತಾರೀಖು. ಈ ಡಬ್ಬಿಯ ನಾಲ್ಕು ಬಟ್ಟಲಿನ ಮೇಲಿರುವುದು ನಾಲ್ಕು ಊರು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ. ಕೊರೆಯುವವನು ನಾಕೂ ಮಂದಿ ಹೆಣ್ಣುಮಕ್ಕಳನ್ನ ಈ ಊರುಗಳಿಗೆ ಕೊಟ್ಟೀರೇನ್ರಿ ಅಂತ ಕೇಳಿದನಂತೆ. ಕಾಕಾ ಹೌದೆಂದು ತಲೆಯಾಡಿಸಿದರಂತೆ. ಇದ್ದವಳು ಒಬ್ಬಳೇ ಮಗಳು.

ಕಾಕಾ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಬೇರೆ ರೂಟೂ ಓಡಿಸಿದ್ದರು, ಆದರೆ ತಮ್ಮದು ಅನ್ನುತ್ತಿದ್ದದ್ದು ಈ ನಾಲ್ಕೂರಿನ ದಾರಿಯನ್ನು. ಬೆಳಿಗ್ಗೆ ಇಂಡಿ ಬಿಟ್ಟು ಸಿಂದಗಿ, ಅಲ್ಲಿಂದ ಬಸವನ ಬಾಗೇವಾಡಿ, ಆಮೇಲೆ ಮುದ್ದೇಬಿಹಾಳ. ಮರುದಿನ ಅದೇ ದಾರಿಯಲ್ಲಿ ವಾಪಸ್. ರಿಟೈರಾದ ಮೇಲೂ ಅವರ ಮೈಯಿಂದ ಗಾಡಿ ಇಳಿಯಲಿಲ್ಲ. ಓಣಿಯಲ್ಲಿ ನಡೆದು ಬರುವಾಗ ತಮ್ಮ ಮನೆಯ ಕಡೆ ತಿರುಗುವ ಮೊದಲು ಬಲಗೈ ಹೊರಗೆ ಚಾಚುತ್ತಿದ್ದರು. ಕಟ್ಟೆಯಿಂದ ಏಳುವ ಮೊದಲು ಕನ್ನಡಿಯಲ್ಲಿ ನೋಡುವ ಹಾಗೆ ಒಮ್ಮೆ ಬಲಕ್ಕೆ ಕಣ್ಣು ಹಾಯಿಸುತ್ತಿದ್ದರು. ಯಾರ ಮನೆಗೆ ಹೋದರೂ ಹೊರಡುವಾಗ ಕೂತ ಜಾಗ ತಿರುಗಿ ನೋಡುತ್ತಿದ್ದರು. ಕಡೆಯ ಸ್ಟಾಪಿನಲ್ಲಿ ಗಾಡಿ ನಿಲ್ಲಿಸಿದ ಮೇಲೆ ಹಿಂದಿನ ಸೀಟಿನ ತನಕ ನಡೆದುಹೋಗಿ, ಯಾರಾದರೂ ಮಲಗಿಬಿಟ್ಟಿದ್ದಾರೋ, ಚೀಲ ಮರೆತಿದ್ದಾರೋ ಅಂತ ನೋಡುವುದು ಅವರ ಪದ್ಧತಿ. ಕಂಡಕ್ಟರ್ ನೋಡಿದ್ದರೂ ಅವರು ನೋಡಬೇಕು. ಮಲಗಿದ ಪ್ಯಾಸೆಂಜರನ್ನು ಎಬ್ಬಿಸದೆ ಡ್ರೈವರ್ ಮಲಗಬಾರದು ಅನ್ನುತ್ತಿದ್ದರು.

ಬೆನ್ನು ಹೋದದ್ದು ನೌಕರಿಯ ಕಡೆಯ ವರ್ಷಗಳಲ್ಲಿ. ಒಂದು ಆಪರೇಶನ್ ಆಯಿತು. ಕಾಲಿನ ಜೋಮು ಹೋಯಿತು, ನೋವು ಉಳಿಯಿತು. ಆಗಿನ ಡಾಕ್ಟರು ದಿನಕ್ಕೆ ಎರಡು ಗುಳಿಗೆ ಬರೆದುಕೊಟ್ಟರು, ಜೋರಾದ ಗುಳಿಗೆ. ತಗೊಂಡ ಮೊದಲ ವಾರ ಕಾಕಾ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಹಾದುಹೋಗುವವರನ್ನೆಲ್ಲ ಕರೆದು ಚಹಾ ಕುಡಿಸಿದರು. ಅದೇ ಎರಡು ಗುಳಿಗೆ ಕೆಲವು ತಿಂಗಳಿಗೆ ಸಾಲದಾಯಿತು. ಮೂರು ಮಾಡಿದರು. ಮೂರೂ ಸಾಲದಾಯಿತು. ಯಾರು ಹೇಳಿದರೆಂದು ಕೇಳಿದರೆ, ನೋವು ಹೇಳ್ತು ಅನ್ನುತ್ತಿದ್ದರು. ನಾಲ್ಕು, ಐದು, ಕೆಟ್ಟ ದಿನ ಆರು. ಆರಾದ ಮೇಲೂ ನೋವು ಇದ್ದಲ್ಲೇ ಇತ್ತು, ಎಚ್ಚರ ಮಾತ್ರ ಹೋಯಿತು. ಮಾತಿನ ನಡುವೆ ಗದ್ದ ಎದೆಗೆ ಬೀಳುತ್ತಿತ್ತು. ಊಟದ ತಾಟಿನ ಮುಂದೆ ಕೈಯಲ್ಲಿ ತುತ್ತು ಹಿಡಿದು ನಿದ್ದೆ ಹೋಗುತ್ತಿದ್ದರು. ಮೂವತ್ತು ವರ್ಷ ಸ್ಟೇರಿಂಗ್ ಮುಂದ ಒಮ್ಮೆನೂ ತೂಕಡಿಸಲಿಲ್ಲ, ಈಗ ಝುಣಕದ ಮುಂದ ತೂಕಡಿಸ್ತಾರ ನೋಡು ನಮ್ಮ ಸಾಹೇಬ್ರು ಅಂತ ಕಾಕು ಚಾಷ್ಟಿ ಮಾಡುತ್ತಿದ್ದರು. ನಾವಿಬ್ಬರೇ ಇದ್ದಾಗ ಆ ಚಾಷ್ಟಿ ಇರುತ್ತಿರಲಿಲ್ಲ. ಮಂದಿ ಇವರಿಗೆ ಗುಳಿಗೆ ಚಟ ಹತ್ತೈತಿ ಅಂತಾರ, ಹೌದೇನ ತಂಗಿ ಅಂತ ಒಂದು ದಿನ ಸೊಪ್ಪು ಸೋಸುತ್ತ ಕೇಳಿದ್ದರು. ನನಗೇನು ಗೊತ್ತು.

ಅದೇ ವರ್ಷ ಮಗಳು ಮುದ್ದೇಬಿಹಾಳದಲ್ಲಿ ಹೊಸ ಮನೆಯ ಗೃಹಪ್ರವೇಶ ಮಾಡಿದಳು. ಕಾಕಾನಿಗೆ ಕೂಡಲಿಕ್ಕಾಗದೆಂದು ಕಾರಿನ ಹಿಂದಿನ ಸೀಟಿನಲ್ಲಿ ಕೌದಿ ಹಾಸಿ ಮಲಗಿಸಿಕೊಂಡು ಹೋದರು. ಹೊರಡುವ ಮೊದಲೇ ಎರಡು ಗುಳಿಗೆ ಜಾಸ್ತಿ ನುಂಗಿಸಿದ್ದರು. ಹೋಗುವಾಗ ನಿದ್ದೆ, ಅಲ್ಲಿ ನಿದ್ದೆ, ಬರುವಾಗ ನಿದ್ದೆ. ಮರುದಿನ ನಾನು ಮನೆ ಹೇಗಿದೆ ಕಾಕಾ ಅಂದರೆ, ಎಲ್ಲಾರೂ ನಾ ಹೋಗಿ ಬಂದೇನಿ ಅಂತಾರ ತಂಗಿ, ನಾ ನೋಡಿದ್ದು ಕಾರಿನ ಸೂರು ಅಷ್ಟ ಅಂದರು. ಅವರು ನಗದೆ ಹೇಳಿದ ಮಾತು ಬಹಳ ಕಡಿಮೆ. ಇದು ಅವುಗಳಲ್ಲೊಂದು.

ಆಮೇಲೆ ಯಾರೋ ಜಿಲ್ಲಾ ಊರಿನಲ್ಲಿ ನೋವಿಗೇ ಅಂತ ಒಬ್ಬರು ಲೇಡಿ ಡಾಕ್ಟರು, ಡಾಕ್ಟರ್ ಬಾಯಿ, ದವಾಖಾನೆಯಲ್ಲಿ ಕೂಡುತ್ತಾರೆಂದು ಹೇಳಿದರು. ನಿನಗ ಬರಕೊಳ್ಳೋ ಚಟ ಐತಿ, ನೀನೂ ಬಾ ಅಂತ ಕಾಕು ನನ್ನನ್ನೂ ಎಳೆದುಕೊಂಡು ಹೋದರು. ನನ್ನ ಹಾಲಿನ ವಹಿಯ ಹಿಂದಿನ ಹಾಳೆಗಳಲ್ಲಿ ಆ ದಿನದ್ದು ಈಗಲೂ ಇದೆ. ಡಾಕ್ಟರ್ ಬಾಯಿ ಸಣ್ಣ ವಯಸ್ಸಿನವರು, ನಮ್ಮ ಕಡೆಯವರೇ. ಎಕ್ಸರೇ ನೋಡಿದರು, ಗುಳಿಗೆಯ ಖಾಲಿ ಹಾಳೆಗಳನ್ನು ಮೇಜಿನ ಮೇಲೆ ಇಸ್ಪೇಟಿನ ಎಲೆಯ ಹಾಗೆ ಹರಡಿಕೊಂಡು ನೋಡಿದರು, ಬಯ್ಯಲಿಲ್ಲ.

"ನೋವು ಎಷ್ಟೈತಿ ಅಂತ ಆಮ್ಯಾಲೆ ಕೇಳ್ತೇನಿ ಕಾಕಾ," ಅಂದರು. "ಕಡಿಮಿ ಆತು ಅಂದ್ರ ಮೊದಲ ಏನು ಮಾಡ್ತೀರಿ, ಅದನ್ನ ಹೇಳ್ರಿ."

ಕಾಕಾ ಎಚ್ಚರಾದರು. ನಿದ್ದೆಯಿಂದ ಅಲ್ಲ, ಅದಕ್ಕೂ ಆಚೆಯಿಂದ.

"ಇಂಡ್ಯಾಗ ಬಸ್ ಹತ್ತಿ ಮುದ್ದೇಬಿಹಾಳದಾಗ ಇಳೀಬೇಕ್ರಿ. ಡ್ರೈವರ್ ಹಿಂದಿನ ಸೀಟಿನ್ಯಾಗ ಕುಂತು. ನಡುವ ಒಮ್ಮೆನೂ ಕಣ್ಣು ಮುಚ್ಚಬಾರದು."

ಡಾಕ್ಟರ್ ಅದನ್ನೇ ಚೀಟಿಯ ಮೇಲೆ ಮೊದಲ ಸಾಲಾಗಿ ಬರೆದರು. ನಾನೂ ಬರೆದುಕೊಂಡೆ. ಆಮೇಲೆ, ಗುಳಿಗೆ ಯಾಕೆ ಸಾಲದಾಗುತ್ತದೆ ಎಂದು ಹೇಳಲು ಸುರುಮಾಡಿದರು. ಮೈ ಔಷಧಕ್ಕೆ ರೂಢಿಯಾಗುತ್ತದೆ, ಮೊದಲು ಒಂದು ಮಾಡಿದ ಕೆಲಸಕ್ಕೆ ಎರಡು ಕೇಳುತ್ತದೆ, ಆಮೇಲೆ ಮೂರು. ಕಾಕು ಮುಖ ನೋಡಿದರೆ ಅರ್ಥವಾದಂತಿರಲಿಲ್ಲ. ಕಾಕಾ ನಡುವೆ ಬಾಯಿ ಹಾಕಿದರು. "ಬ್ರೇಕ್ ಸವದಂಗ ಅಲ್ಲೇನ್ರಿ? ಹೊಸಾ ಗಾಡೀಗೆ ಪೆಡಲ್ ಮುಟ್ಟಿದ್ರ ಸಾಕು. ಹಳೇದಾದಂಗ ಮತ್ತಷ್ಟು ಒತ್ತಬೇಕು."

"ಒತ್ತಿ ಒತ್ತಿ ಪೆಡಲ್ ನೆಲಕ್ಕ ಬಡೀತು ಅಂತ ತಿಳೀರಿ," ಅಂದರು ಡಾಕ್ಟರ್. "ಆಮ್ಯಾಲೆ ಎಲ್ಲಿ ಒತ್ತತೀರಿ?"

ಕಾಕಾ ತಮ್ಮ ಬಲಗಾಲನ್ನು ನೋಡಿಕೊಂಡರು. ಇಳಿಜಾರಿನಲ್ಲಿ ಬರೀ ಬ್ರೇಕಿನ ಮೇಲೆ ನಂಬಿಕೆ ಇಡುವವನು ಡ್ರೈವರೇ ಅಲ್ಲ, ಗೇರು ಇಳಿಸಿಕೊಂಡು ಬರಬೇಕು ಅಂದರು. ಹಾಂ, ಅದನ್ನೇ ಮಾಡೋಣ ಅಂದರು ಡಾಕ್ಟರ್. ಅಂದಿನಿಂದ ಅವರಿಬ್ಬರ ನಡುವೆ ಬೇರೆ ಭಾಷೆಯೇ ನಡೆಯಲಿಲ್ಲ.

ಗೇರು ಅಂದರೆ ಬೇರೆ ಉಪಾಯಗಳು. ನರದ ನೋವಿಗೆ ಬೇರೆ ಜಾತಿಯ ಒಂದು ಔಷಧ, ರಾತ್ರಿಗೆ. ಚಾಪೆಯ ಮೇಲೆ ಮಲಗಿ ಮಾಡುವ ನಾಲ್ಕು ಕಸರತ್ತು. ಬಿಸಿನೀರಿನ ಚೀಲ. ಎರಡು ಹೊತ್ತು ನಡಿಗೆ, ಮೊದಲು ಓಣಿಯ ತುದಿಯ ತನಕ, ಆಮೇಲೆ ಲಿಂಬಿ ತೋಟದ ತನಕ. ಹಳೆಯ ಗುಳಿಗೆಯನ್ನು ನೋವು ಬಂದಾಗಲೆಲ್ಲ ಅಲ್ಲ, ಗಡಿಯಾರ ನೋಡಿ ನಾಲ್ಕೇ ಹೊತ್ತು. ಅದರ ಜೋರನ್ನೂ ಲೆಕ್ಕವನ್ನೂ ಸಾವಕಾಶ ಇಳಿಸುತ್ತ ಬರುವುದು. ಒಮ್ಮೆಲೇ ನಿಲ್ಲಿಸಿದರೆ ಮೈ ತಿರುಗಿ ಬೀಳುತ್ತದೆ, ಆ ಧೈರ್ಯ ಮಾಡಬೇಡಿ ಅಂದರು. ನೋವು ಪೂರ್ತಿ ಹೋಗುತ್ತದೆಂದು ನಾನು ಹೇಳುವುದಿಲ್ಲ, ನಿಮ್ಮ ದಾರಿಗೆ ಅಡ್ಡ ಬರದಷ್ಟು ಮಾಡಬಹುದು ಅಂದರು. ಕಾಕು ಸೆರಗಿನ ತುದಿ ತಿರುವುತ್ತ ಚಟದ ಮಾತು ತೆಗೆದರು. ಮೈ ರೂಢಿಯಾಗುವುದು ಬೇರೆ, ಚಟ ಬೇರೆ, ಇವರದು ಮೊದಲನೆಯದು, ಮಂದಿ ಕೇಳಿದರೆ ಡಾಕ್ಟರ್ ಹೇಳಿದರೆಂದು ಹೇಳಿರಿ ಅಂತ ಡಾಕ್ಟರ್ ಅಂದಾಗ, ಕಾಕು ದಾರಿಯುದ್ದಕ್ಕೂ ಆ ಮಾತನ್ನು ನನಗೆ ಮೂರು ಸಲ ಹೇಳಿ ತೋರಿಸಿದರು, ಮರೆಯಬಾರದೆಂದು.

ಡಬ್ಬಿ ಬಂದದ್ದು ಮರುವಾರ. ಬೆಳಗಿನ ಆರರ ಗುಳಿಗೆ ಇಂಡಿ, ಹನ್ನೆರಡರದು ಸಿಂದಗಿ, ಸಂಜೆ ಐದರದು ಬಾಗೇವಾಡಿ, ಮಲಗುವ ಹೊತ್ತಿನದು ಮುದ್ದೇಬಿಹಾಳ. ಕಾಕು ಕಂಟ್ರೋಲರ್. ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ಬಂದ ಹೊತ್ತನ್ನು ಬರೆದುಕೊಳ್ಳುವವರ ಹಾಗೆ, ಕಾಕಾ ನೀರು ಕುಡಿದು ಲೋಟ ಕೆಳಗಿಟ್ಟು, ಸಿಂದಗಿ ಬಂತ್ರೀ ಅಂದ ಕೂಡಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಒಂದು ಗೀಟು ಎಳೆಯಬೇಕು. ಗೀಟು ಎಳೆಯುವುದು ತಡವಾದರೆ, ಕಂಟ್ರೋಲರ್ ಬಾಯಾರು ಚಹಾಕ್ಕ ಹೋಗ್ಯಾರೇನ್ರಿ ಅಂತ ಒಳಮನೆ ತನಕ ಕೇಳುವ ಹಾಗೆ ಕೂಗುತ್ತಿದ್ದರು.

ಇಳಿಸುವುದು ಹೇಳಿದಷ್ಟು ಸಸಾರ ಆಗಿರಲಿಲ್ಲ. ಅರ್ಧ ಗುಳಿಗೆ ಕಡಿಮೆ ಮಾಡಿದ ವಾರ ಆಕಳಿಕೆ, ಬೆವರು, ಮೂಗು ಸೋರುವುದು, ಕಾರಣವಿಲ್ಲದ ಸಿಟ್ಟು. ಒಂದು ಬೆಳಿಗ್ಗೆ ಪಲ್ಯಕ್ಕೆ ಉಪ್ಪು ಕಡಿಮೆಯಾಯಿತೆಂದು ತಾಟು ದೂಡಿದರು. ಕಾಕು ಬೇರೆ ತಾಟು ಹಚ್ಚಿಕೊಟ್ಟು, ಘಾಟು ರಸ್ತೆ ಐತಿ, ಅದಕ್ಕ ಇಂಜಿನ್ ಕಾವೇರೈತಿ ಅಂದರು. ಕಾಕಾ ನಕ್ಕು ಉಂಡರು. ಡಾಕ್ಟರಿಗೆ ಫೋನ್ ಮಾಡಿ ಹೇಳಿದರೆ, ಅವಸರ ಬೇಡ, ಇದೇ ಗೇರಿನಲ್ಲಿ ಇನ್ನೂ ಹದಿನೈದು ದಿನ ಇರಲಿ ಅನ್ನುತ್ತಿದ್ದರು. ಹೀಗೆ ನಿಂತು ನಿಂತು ಸಿಂದಗಿಯ ಬಟ್ಟಲು ಖಾಲಿಯಾಯಿತು. ಖಾಲಿ ಸ್ಟಾಪು ಕಾಕಾನಿಗೆ ಸೇರಲಿಲ್ಲ. ಪ್ಯಾಸೆಂಜರ್ ಇಲ್ಲ ಅಂತ ಸ್ಟಾಪ್ ಬಿಟ್ಟು ಹೋಗಾಕ ಬರ್ತೈತೇನು ಅಂತ ವಾದ ಹಾಕಿದರು. ಕಾಕು ಅದರಲ್ಲಿ ನೆನೆಸಿದ ಒಣದ್ರಾಕ್ಷಿ ಹಾಕತೊಡಗಿದರು. ಆ ಗುಳಿಗೆ ನುಂಗುವವರಿಗೆ ಹೊಟ್ಟೆ ಕಟ್ಟುವ ತ್ರಾಸು ಇದ್ದೇ ಇರುತ್ತದೆ, ದ್ರಾಕ್ಷಿ ಅದಕ್ಕೂ ಆಯಿತು. ಮಧ್ಯಾಹ್ನ ಹನ್ನೆರಡಕ್ಕೆ ಆರು ದ್ರಾಕ್ಷಿ ತಿಂದು, ನೀರು ಕುಡಿದು, ಸಿಂದಗಿ ಬಂತ್ರೀ. ಗೀಟು.

ಚಳಿಗಾಲ ಕಳೆಯುವಷ್ಟರಲ್ಲಿ ಮಾತಿನ ನಡುವೆ ಗದ್ದ ಬೀಳುವುದು ನಿಂತಿತು. ಲಿಂಬಿ ತೋಟದ ತನಕ ನಡೆದು ಹೋಗಿ, ಉದುರಿದ ನಾಲ್ಕು ಕಾಯಿ ಜೇಬಿನಲ್ಲಿ ಹಾಕಿಕೊಂಡು ಬಂದು ನನ್ನ ಅಡಿಗೆಮನೆಯ ಕಿಟಕಿಯಲ್ಲಿಡುತ್ತಿದ್ದರು. ಬೇಸಿಗೆ ಮುಗಿದ ಮೇಲೆ ಬಸ್ ಹತ್ತಬಹುದು ಅಂತ ಡಾಕ್ಟರ್ ಹೇಳಿದ್ದರು. ಆಗ ಒಂದು ತಪ್ಪು ನಡೆಯಿತು. ಅದರಲ್ಲಿ ಅರ್ಧ ನನ್ನದು.

ಮಗಳಿಗೆ ಜ್ವರ ಬಂದಿತ್ತೆಂದು ಕಾಕು ಎರಡು ದಿನಕ್ಕೆ ಮುದ್ದೇಬಿಹಾಳಕ್ಕೆ ಹೋದರು. ಡಬ್ಬಿ ನನ್ನ ಕೈಗೆ ಕೊಟ್ಟು, ಕ್ಯಾಲೆಂಡರು ತೋರಿಸಿ, ಕಂಟ್ರೋಲರ್ ಚಾರ್ಜು ನನಗೆ ಒಪ್ಪಿಸಿದರು. ಎರಡನೆಯ ದಿನ ನಮ್ಮ ಮನೆಯಲ್ಲಿ ಶ್ಯಾವಿಗೆ. ಓಣಿಯ ಹೆಂಗಸರೆಲ್ಲ ನಸುಕಿನಲ್ಲೇ ಬಂದು ಮಷೀನು ಕೂಡಿಸಿದ್ದರು. ಬಿಸಿಲೇರುವ ಮೊದಲು ಹಿಟ್ಟು ಮುಗಿಯಬೇಕು. ನಾದುವುದು, ತಿರುವುವುದು, ಕೋಲಿನ ಮೇಲೆ ಹಾಕುವುದು, ನಗೆ, ಗದ್ದಲ. ಎಲ್ಲವನ್ನೂ ಬರೆದಿಡುವ ನಾನು ಬೆಳಗಿನ ಇಂಡಿಯನ್ನು ಮರೆತೆ. ನೆನಪಾದಾಗ ಹತ್ತು ಗಂಟೆ. ಕೈಗೆ ಹಿಟ್ಟು ಮೆತ್ತಿಕೊಂಡೇ ಓಡಿದೆ. ಕಾಕಾ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ನನ್ನ ಮುಖ ನೋಡಿ, ಗಾಡಿ ಲೇಟಾದ್ರ ಏನಾತು ತಂಗಿ, ಮುಂದ ಕವರ್ ಆಗ್ತೈತಿ ಅಂದರು. ಗುಳಿಗೆ ಕೊಟ್ಟೆ, ನುಂಗಿದರು. ಗೀಟು ಎಳೆದು ನಾನು ಶ್ಯಾವಿಗೆಗೆ ವಾಪಸ್ ಹೋದೆ.

ನನಗೆ ಆಗ ಗೊತ್ತಿರದಿದ್ದದ್ದು ಇದು. ಎಂಟರ ಹೊತ್ತಿಗೆ ನೋವು ಏರಿದಾಗ ಕಾಕಾ ಗೋಡೆಯ ಮೊಳೆಗೆ ತೂಗುಹಾಕಿದ್ದ ಹಳೆಯ ಖಾಕಿ ಅಂಗಿಯ ಜೇಬಿಗೆ ಕೈಹಾಕಿದ್ದರು. ಅದರಲ್ಲಿ ಆರು ಗುಳಿಗೆಯ ಕಾಲದ ಒಂದು ಹಾಳೆ ಇತ್ತು. ಲೇಟಾದ ಗಾಡಿಯನ್ನು ಮುಂದಿನ ದಾರಿಯಲ್ಲಿ ಸ್ವಲ್ಪ ಜೋರು ಓಡಿಸಿ ಹೊತ್ತಿಗೆ ಕೂಡಿಸುವುದು ಡ್ರೈವರರ ಹಳೆಯ ಲೆಕ್ಕ. ಅದೇ ಲೆಕ್ಕದಲ್ಲಿ ಒಂದರ ಬದಲು ಎರಡು ನುಂಗಿದ್ದರು, ಹಳೆಯ ಜೋರಿನವು. ಆಮೇಲೆ ನಾನು ಹಿಟ್ಟಿನ ಕೈಯಲ್ಲಿ ಓಡಿಬಂದು ಕೊಟ್ಟದ್ದನ್ನೂ ನುಂಗಿದರು. ಬೇಡ ಅಂದರೆ ನಾನು ಮರೆತದ್ದು ನನಗೆ ಚುಚ್ಚೀತೆಂದು.

ಹನ್ನೆರಡಕ್ಕೆ ದ್ರಾಕ್ಷಿ ಕೊಡಲು ಹೋದೆ. ಕುರ್ಚಿಯಲ್ಲಿ ತಲೆ ಒಂದು ಕಡೆ ಜೋತುಬಿದ್ದಿತ್ತು. ಗೊರಕೆ ಬೇರೆ ತರಹ ಇತ್ತು. ಒಂದು ಬಂದು ಬಹಳ ಹೊತ್ತು ನಿಂತು ಇನ್ನೊಂದು ಬರುತ್ತಿತ್ತು. ಹೆಗಲು ಹಿಡಿದು ಅಲ್ಲಾಡಿಸಿದೆ. ಕಣ್ಣು ಗೆರೆಯಷ್ಟು ತೆರೆದು, "ಬಾಗೇವಾಡಿ ಬಂತೇನು?" ಅಂದರು. ಮತ್ತೆ ಮುಚ್ಚಿದರು.

ನನ್ನ ಕೂಗಿಗೆ ಶ್ಯಾವಿಗೆಯ ಹೆಂಗಸರೆಲ್ಲ ಬಂದರು. ನಮ್ಮನೆಯವರು ಆಟೋ ತರಲು ಓಡಿದರು. ನಾನು ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ಸಾವಕಾಶವಾಗಿ, ನೆಲದ ಮೇಲೆ ಬಲಮಗ್ಗುಲಾಗಿ ಮಲಗಿಸಿರಿ, ಕರೆಯುತ್ತಲೇ ಇರಿ, ಒಂದು ನಿಮಿಷಕ್ಕೆ ಎಷ್ಟು ಉಸಿರು ಬರುತ್ತದೆ ಎಣಿಸಿ ಹೇಳಿರಿ ಅಂದರು. ಗೋಡೆಯ ಗಡಿಯಾರ ನೋಡುತ್ತ ಎಣಿಸಿದೆ. ಏಳು. ನನ್ನ ಜೀವಮಾನದಲ್ಲಿ ಅಷ್ಟು ಸರಿಯಾಗಿ ಬೇರೇನನ್ನೂ ಎಣಿಸಿಲ್ಲ. ಒಂದು ನಿಮಿಷವೂ ತಡಮಾಡದೆ ಊರಿನ ದವಾಖಾನೆಗೆ ಒಯ್ಯಿರಿ, ನಾನು ಅಲ್ಲಿಯ ಡಾಕ್ಟರ ಜೊತೆ ಮಾತಾಡುತ್ತೇನೆ ಅಂದರು. ಆಟೋದಲ್ಲಿ ನಮ್ಮನೆಯವರು ಹಿಡಿದುಕೊಂಡರು, ನಾನು ಕಾಕಾ, ಸಿಂದಗಿ ದಾಟೀತು, ಕಣ್ಣು ತೆಗೀರಿ ಅಂತ ಒದರುತ್ತಲೇ ಹೋದೆ. ದವಾಖಾನೆಯಲ್ಲಿ ಸೂಜಿ ಚುಚ್ಚಿ, ಆಕ್ಸಿಜನ್ ಹಚ್ಚಿದರು. ಸಂಜೆಗೆ ಕಾಕಾ ಕಣ್ಣು ತೆರೆದು, ಚಹಾ ಕೇಳಿದರು. ಕಾಕು ಬಂದು ತಲುಪಿದ್ದು ಆಗಲೇ. ನನ್ನ ಕೈ ಹಿಡಿದು, ಬೆರಳ ಸಂದಿಯಲ್ಲಿ ಒಣಗಿದ್ದ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆಯುತ್ತ ಕೂತರು.

ಮುಂದಿನ ವಾರ ಡಾಕ್ಟರ ಎದುರು ಕಾಕಾ, ನಾ ಮರತಿದ್ದೆ, ನಂದ ತಪ್ಪು ಅಂದರು. ನನ್ನಿಂದ ತಡೆಯಲಾಗಲಿಲ್ಲ, ಮರೆತವಳು ನಾನು ಅಂದೆ. ಕಾಕಾ ನನ್ನ ಕಡೆ ತಿರುಗಿ, ಪ್ಯಾಸೆಂಜರ್ ಮ್ಯಾಲೆ ಕೇಸ್ ಹಾಕೂದು ಡ್ರೈವರ್ ಕೆಲಸ ಅಲ್ಲ, ನೀ ಸುಮ್ನಿರು ಅಂದರು.

ಡಾಕ್ಟರ್ ಮೊದಲ ಸಲ ದನಿ ಗಟ್ಟಿ ಮಾಡಿದರು. "ಕಾಕಾ, ಮೊದಲ ನಿಮ್ಮ ಮೈ ಆರು ಗುಳಿಗಿ ತಡಕೋತಿತ್ತು. ಈಗ ಅದು ಆ ರೂಢಿ ಬಿಟ್ಟೈತಿ. ಬಿಡಿಸಿದವರು ನಾವ. ಹಳೇ ಎರಡು ಈಗ ನಿಮಗ ಎರಡಲ್ಲ. ತಪ್ಪಿದ ಸ್ಟಾಪ್ ತಪ್ಪೇ ಹೋತು. ತಿರುಗಿ ಹೋಗಬ್ಯಾಡ್ರಿ, ಜೋರು ಹೊಡೀಬ್ಯಾಡ್ರಿ. ನನಗ ಫೋನ್ ಹಚ್ಚಿ ಕೇಳ್ರಿ, ಮುಂದಿನ ಸ್ಟಾಪಿಗೆ ಬರ್ರಿ."

ಖಾಕಿ ಅಂಗಿಯ ಜೇಬಿನಲ್ಲಿ ಉಳಿದಿದ್ದ ಹಾಳೆಯನ್ನು ಕಾಕಾ ಜೊತೆಗೆ ತಂದಿದ್ದರು, ಮೇಜಿನ ಮೇಲಿಟ್ಟರು. ಮನೆಯಲ್ಲಿ ಇನ್ನೆಲ್ಲಿ ಇವೆ ಅಂತ ಡಾಕ್ಟರ್ ಕೇಳಿದರು. ಕಾಕಾ ಕಾಕುವಿನ ಮುಖ ನೋಡಿದರು. ರೇಡಿಯೋದ ಹಿಂದೆ ಒಂದು, ಟ್ರಂಕಿನಲ್ಲಿ ಎರಡು ಅಂದರು. ಮನೆಗೆ ಬಂದು ಅವನ್ನೆಲ್ಲ ಕಾಕು ಗಂಟು ಕಟ್ಟಿ ದವಾಖಾನೆಗೆ ವಾಪಸ್ ಕಳಿಸಿದರು. ಖಾಕಿ ಅಂಗಿಯ ಜೇಬನ್ನು ಸೂಜಿ ದಾರ ತಂದು ಹೊಲಿದೇಬಿಟ್ಟರು. ಆ ಹೊಲಿದ ಜೇಬಿನ ಅಂಗಿಯನ್ನೇ ಕಾಕಾ ಬಸ್ ಹತ್ತುವ ದಿನ ತೊಟ್ಟುಕೊಂಡರು.

ಆ ದಿನ ಬಂದದ್ದು ಮಳೆಗಾಲ ಕಳೆದ ಮೇಲೆ. ಬಾಗೇವಾಡಿಯ ಬಟ್ಟಲೂ ಆಗ ದ್ರಾಕ್ಷಿಗೆ ಹೋಗಿತ್ತು. ಉಳಿದದ್ದು ಬೆಳಿಗ್ಗೆ ಒಂದು, ರಾತ್ರಿ ಒಂದು. ನಾವು ನಾಲ್ವರು ಹೊರಟೆವು, ಕಾಕಾ, ಕಾಕು, ನಾನು, ನಮ್ಮನೆಯವರು. ಈಗ ಆ ಹಳೆಯ ನೇರ ಗಾಡಿ ಇಲ್ಲ, ಸಿಂದಗಿಯಲ್ಲೂ ಬಾಗೇವಾಡಿಯಲ್ಲೂ ಇಳಿದು ಬೇರೆ ಗಾಡಿ ಹಿಡಿಯಬೇಕು. ಡಾಕ್ಟರ್ ಅದೇ ಒಳ್ಳೆಯದು, ಇಳಿದಲ್ಲಿ ಹತ್ತು ನಿಮಿಷ ಅಡ್ಡಾಡಿರಿ ಅಂದಿದ್ದರು. ಡ್ರೈವರ್ ಹಿಂದಿನ ಸೀಟಿನಲ್ಲಿ ಕೌದಿ ಮಡಚಿ ಬೆನ್ನಿಗೆ ಕೊಟ್ಟು ಕಾಕಾ ಕೂತರು. ಇಂಡಿಯ ಸ್ಟ್ಯಾಂಡ್ ದಾಟುತ್ತಲೇ ಅವರ ಕತೆ ಸುರುವಾಯಿತು. ಈ ಬೇವಿನ ಗಿಡದ ಹತ್ತಿರ ಒಬ್ಬ ಮುದುಕಿ ದಿನಾ ಕೈಮಾಡುತ್ತಿದ್ದಳು, ಹತ್ತುತ್ತಿರಲಿಲ್ಲ, ಸುಮ್ಮನೆ ಮಾತಾಡಿಸಲು ನಿಲ್ಲಿಸುತ್ತಿದ್ದಳು. ಈ ಸೇತುವೆಯ ಮೇಲೆ ಒಮ್ಮೆ ಎಮ್ಮೆ ಮಲಗಿ ಅರ್ಧ ತಾಸು ಏಳಲಿಲ್ಲ. ತೊಗರಿ ಹೂಬಿಟ್ಟಿತ್ತು, ಎರಡೂ ಕಡೆ ಹಳದಿ. ರಸ್ತೆಯ ಹಂಪು ಬಂದಾಗಲೆಲ್ಲ ಕಾಕಾನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಮೆಲ್ಲಗೆ ಒತ್ತುತ್ತಿದ್ದರು, ಮುಟ್ಟಿದಷ್ಟೇ.

ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವರ ಮುಖ ಬಿಳಿಚಿತ್ತು. ಕಂಬ ಹಿಡಿದು ನಿಂತರು. ಹಣೆಯ ಮೇಲೆ ಬೆವರು. ಕಾಕು ಚೀಲದಿಂದ ಡಬ್ಬಿ ತೆಗೆದರು. ಮುದ್ದೇಬಿಹಾಳ ಬಟ್ಟಲಲ್ಲಿ ರಾತ್ರಿಯ ಗುಳಿಗೆ ಇತ್ತು.

"ಇದನ್ನ ಈಗ ತಗೊಂಡುಬಿಡ್ರಿ," ಅಂದರು ಕಾಕು. "ಇನ್ನೂ ಒಂದು ಗಾಡಿ ಐತಿ. ಡಾಕ್ಟರಿಗೆ ನಾ ಹೇಳ್ತೇನಿ."

ಕಾಕಾ ಬಟ್ಟಲನ್ನು ನೋಡಿದರು. ತಗೊಂಡರೆ ತಪ್ಪೆಂದು ಹೇಳುವವರು ಯಾರೂ ಇರಲಿಲ್ಲ ಅಲ್ಲಿ. ನೋವು ಅವರದು.

"ಇದು ಬಾಗೇವಾಡಿ ಅಲ್ಲೇನು?" ಅಂದರು. "ಬಾಗೇವಾಡ್ಯಾಗ ಬಾಗೇವಾಡಿದ ತಿನ್ನಬೇಕು."

ಆರು ದ್ರಾಕ್ಷಿ ಒಂದೊಂದೇ ತಿಂದರು. ಆಮೇಲೆ ನಮ್ಮನೆಯವರ ಹೆಗಲ ಮೇಲೆ ಕೈಹಾಕಿ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ನಡೆದರು, ಎರಡು ಸಲ, ಮೂರು ಸಲ. ಕಟ್ಟೆಯ ಮೇಲೆ ಚಾದರ ಹಾಸಿ ಮಲಗಿ ಎರಡು ಕಸರತ್ತು ಮಾಡಿದರು, ಮಂದಿ ನೋಡುತ್ತಿದ್ದರೂ. ಚಹಾದಂಗಡಿಯಲ್ಲಿ ಬಿಸಿನೀರು ಕೇಳಿ ಚೀಲಕ್ಕೆ ತುಂಬಿ ಬೆನ್ನಿಗೆ ಹಿಡಿದುಕೊಂಡರು. ಒಂದು ಗಾಡಿ ಹೋಯಿತು. ಹೋಗಲಿ ಅಂದರು. ಇನ್ನೊಂದು ಹೋಯಿತು. ಅದೂ ಹೋಗಲಿ. ಲೇಟಾಗಲಿ ಬಿಡ್ರಿ ಅಂದವರು ಅವರೇ. ಅವರ ಬಾಯಲ್ಲಿ ಆ ಮಾತು ಕೇಳಿ ಕಾಕು ನನ್ನನ್ನು ನೋಡಿದರು. ಮೂರನೆಯ ಗಾಡಿಗೆ ಹತ್ತಿದೆವು.

ಆ ಗಾಡಿಯಲ್ಲಿ ಕಾಕು ನನ್ನ ಹೆಗಲಿಗೆ ಒರಗಿ ನಿದ್ದೆ ಹೋದರು. ನಮ್ಮನೆಯವರು ಕಿಟಕಿಗೆ ಒರಗಿ ಹೋದರು. ನನ್ನ ಕಣ್ಣೂ ಎಳೆಯುತ್ತಿತ್ತು. ಕಾಕಾ ಮಾತ್ರ ಬೆನ್ನು ನೆಟ್ಟಗೆ ಮಾಡಿ, ಮುಂದಿನ ಗಾಜಿನಲ್ಲಿ ದಾರಿಯನ್ನು ನೋಡುತ್ತ ಕೂತಿದ್ದರು. ನೋವು ಎಷ್ಟೈತಿ ಅಂತ ಒಮ್ಮೆ ಕೇಳಿದೆ. ಐತಿ, ಹಿಂದಿನ ಸೀಟಿನ್ಯಾಗ ಕುಂತೈತಿ, ಕೂಡ್ಲಿ ಅಂದರು. ಮುದ್ದೇಬಿಹಾಳ ಬಂದಾಗ ನಮ್ಮನ್ನೆಲ್ಲ ಎಬ್ಬಿಸಿದವರು ಅವರೇ. ನಾವು ಇಳಿದ ಮೇಲೂ ಬಾಗಿಲಲ್ಲಿ ನಿಂತು ಹಿಂದಿನ ಸೀಟಿನ ತನಕ ಒಮ್ಮೆ ಕಣ್ಣಾಡಿಸಿ, ಆಮೇಲೆ ಇಳಿದರು.

ಮಗಳ ಮನೆಯನ್ನು ಒಂದೊಂದು ಕೋಣೆ ನಿಂತು ನೋಡಿದರು. ಅಡಿಗೆಮನೆಯ ಕಿಟಕಿ ತೆರೆದು ಮುಚ್ಚಿ ನೋಡಿದರು. ಮಾಳಿಗೆಯ ಮೆಟ್ಟಿಲು ಐದು ಹತ್ತಿ ಸಾಕೆಂದು ಇಳಿದರು. ಮಗಳು ಅವರ ಹಿಂದಿಂದೆ ಅಡ್ಡಾಡಿದಳು.

ಆ ರಾತ್ರಿ ಉಂಡದ್ದು ಸಜ್ಜಿರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ನಾನು ಒಯ್ದಿದ್ದ ಶೇಂಗಾ ಹೋಳಿಗೆ. ಕಾಕಾ ಎರಡು ಹೋಳಿಗೆ ತಿಂದು, ಮುದ್ದೇಬಿಹಾಳದ ಗುಳಿಗೆಯನ್ನು ಮುದ್ದೇಬಿಹಾಳದಲ್ಲಿ ನುಂಗಿದರು. ಕಾಕು ಗೀಟು ಎಳೆಯಲು ಮಗಳ ಮನೆಯ ಕ್ಯಾಲೆಂಡರು ಹುಡುಕಿದರು. ಎಲ್ಲರಿಗಿಂತ ಮೊದಲು ಮಲಗಿದವಳು ನಾನು, ಆಮೇಲೆ ನಮ್ಮನೆಯವರು, ಆಮೇಲೆ ಕಾಕು. ಕಾಕಾ ಬಾಗಿಲಿಂದ ಬಾಗಿಲಿಗೆ ಹೋಗಿ, ಎಲ್ಲರೂ ಮಲಗಿದರೋ ಇಲ್ಲವೋ ಅಂತ ನೋಡಿ, ದೀಪ ಆರಿಸಿ ಕಡೆಗೆ ಮಲಗಿದರೆಂದು ಮರುದಿನ ಮಗಳು ಹೇಳಿದಳು.